ಡಯಾಲಿಸಿಸ್ ರೋಗಿಯ ಜ್ವರವೂ ಎಂಜಲು ಸೂತಕವೂ



ಸೊರಬದ ಕಡೆಯ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದಾರೆ. ಕಳೆದ ವರ್ಷ ಅವರಿಗೆ ಸಂಜೆಯಾದರೆ ಸಣ್ಣ ಜ್ವರ. ಊಟ ಸೇರದು, ಮೈ ಇಳಿಯಿತು. ಕೆಮ್ಮಿರಲಿಲ್ಲ. ‘ಕಿಡ್ನಿ ಹೋದವರಿಗೆ ಇದೆಲ್ಲ ಇದ್ದದ್ದೇ’ ಎಂದು ಮನೆಯವರು ಅಂದುಕೊಂಡರು, ನೋಡಲು ಹೋದ ನಾನೂ ಅದನ್ನೇ ಹೇಳಿ ಬಂದೆ. ಎರಡು ತಿಂಗಳ ಮೇಲೆ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಪರೀಕ್ಷಿಸಿದರೆ ಕ್ಷಯ.

ಮೂತ್ರಪಿಂಡ ಸೋತಾಗ ರೋಗ ತಡೆಯುವ ಶಕ್ತಿಯೂ ಕುಗ್ಗುತ್ತದೆ. ವರ್ಷಗಟ್ಟಲೆ ಮೈಯಲ್ಲಿ ಸುಮ್ಮನಿದ್ದ ಕ್ಷಯದ ರೋಗಾಣು ಆಗ ತಲೆ ಎತ್ತುತ್ತದೆ. ಅದು ಶ್ವಾಸಕೋಶಕ್ಕೇ ಬರಬೇಕೆಂದಿಲ್ಲ. ಕುತ್ತಿಗೆಯ ಗ್ರಂಥಿ, ಹೊಟ್ಟೆಯ ಪೊರೆ, ಎಲ್ಲಾದರೂ ಬರಬಹುದು. ಹಾಗೆ ಬಂದದ್ದು ಕಫದ ಪರೀಕ್ಷೆಗೆ ಸಿಗದೆ ಹೋಗಬಹುದು. ಚರ್ಮದ ಪರೀಕ್ಷೆಯೂ ಇಂಥವರಲ್ಲಿ ಎಷ್ಟೋ ಸಲ ‘ಇಲ್ಲ’ ಎಂದೇ ತೋರಿಸುತ್ತದೆ. ಆದ್ದರಿಂದ ಜ್ವರ ಎರಡು ವಾರ ದಾಟಿದರೆ ‘ಇದು ಕ್ಷಯ ಇರಬಹುದೇ?’ ಎಂದು ವೈದ್ಯರನ್ನು ನೀವೇ ಬಾಯಿಬಿಟ್ಟು ಕೇಳಿ.

ಔಷಧದಲ್ಲೂ ವ್ಯತ್ಯಾಸವಿದೆ. ರಿಫಾಂಪಿಸಿನ್, ಐಸೋನಿಯಾಜಿಡ್ ದಿನವೂ ನಡೆಯುತ್ತವೆ. ಪೈರಜಿನಮೈಡ್, ಎಥಾಂಬುಟಾಲ್ ಮಾತ್ರ ಸಾಮಾನ್ಯವಾಗಿ ವಾರಕ್ಕೆ ಮೂರು ದಿನ. ಡಯಾಲಿಸಿಸ್ ಇರುವ ದಿನ ಅದು ಮುಗಿದ ಮೇಲೆಯೇ ಮಾತ್ರೆ. ಮೊದಲೇ ನುಂಗಿದರೆ ಔಷಧ ಯಂತ್ರದ ಪಾಲಾಗುತ್ತದೆ. ಎಥಾಂಬುಟಾಲ್ ಮೈಯಲ್ಲಿ ಉಳಿದು ಹೆಚ್ಚಾದರೆ ಕಣ್ಣಿನ ನರಕ್ಕೇ ಕುತ್ತು. ಕಾಲುವೆಗೆ ಸರದಿಯ ಮೇಲೆ ನೀರು ಬಿಟ್ಟ ನನ್ನಂಥವನಿಗೆ ಇದು ಬೇಗ ಅರ್ಥವಾಯಿತು. ಕ್ಷಯ ಚಿಕಿತ್ಸೆಯ ಚೀಟಿಯನ್ನು ಡಯಾಲಿಸಿಸ್ ಮಾಡುವವರಿಗೂ ತೋರಿಸಿ.

ಕ್ಷಯರೋಗಿಗೆ ಸರ್ಕಾರ ಕೊಡುವ ಪೋಷಣೆಯ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 500ರ ಬದಲು 1000 ರೂಪಾಯಿ ಆಗಿದೆ. ನಿಕ್ಷಯ ಮಿತ್ರರಾಗಿ ಆಹಾರದ ಕಿಟ್ ಕೊಡಲು ಮಠಗಳಿಗೂ ಅವಕಾಶವಿದೆ. ಇದೂ ದಾಸೋಹವೇ. ಆದರೆ ಮೂತ್ರಪಿಂಡದ ರೋಗಿಗೆ ಉಪ್ಪು, ನೀರು, ಬಾಳೆಹಣ್ಣು, ಎಳನೀರು ಎಲ್ಲಕ್ಕೂ ಮಿತಿಯುಂಟು. ವೈದ್ಯರನ್ನು ಕೇಳದೆ ಕಿಟ್ ಕಟ್ಟಬೇಡಿ.

ಇನ್ನು ನನ್ನನ್ನು ನೋಯಿಸಿದ ಮಾತು. ಆ ಮನೆಯಲ್ಲಿ ಅವರಿಗೆ ತಟ್ಟೆ ಬೇರೆ, ಲೋಟ ಬೇರೆ. ಅಲ್ಲಮಪ್ರಭುಗಳ ಬಳ್ಳಿಗಾವಿ, ಅಕ್ಕನ ಉಡುತಡಿ ಎರಡೂ ಪಕ್ಕದ ಶಿಕಾರಿಪುರ ತಾಲೂಕಿನವು. ಶರಣರು ತಳ್ಳಿಹಾಕಿದ ಐದು ಸೂತಕಗಳಲ್ಲಿ ಎಂಜಲು ಸೂತಕವೂ ಒಂದು. ಗ್ರಂಥಿಯ ಕ್ಷಯ ಪಕ್ಕದವರಿಗೆ ಹರಡುವುದಿಲ್ಲ. ಶ್ವಾಸಕೋಶದ್ದು ಹರಡುವುದೂ ಗಾಳಿಯಿಂದ, ತಟ್ಟೆಯಿಂದಲ್ಲ; ಅದಕ್ಕೆ ಬೇಕಾದ್ದು ತೆರೆದ ಕಿಟಕಿ, ಕೆಮ್ಮುವಾಗ ಬಾಯಿಗೆ ಅಡ್ಡ ಬಟ್ಟೆ, ತಪ್ಪದ ಮಾತ್ರೆ.

ಬರುವ ತಿಂಗಳ ಶಿವಾನುಭವ ಗೋಷ್ಠಿಗೆ ಅವರನ್ನು ಕರೆದಿದ್ದೇವೆ. ಬರುತ್ತೇನೆಂದಿದ್ದಾರೆ. ಪ್ರಸಾದಕ್ಕೆ ನನ್ನ ಪಕ್ಕದ ಎಲೆ ಅವರದು.