ಹಸುರು ಮರವೋ, ಪ್ಲಾಸ್ಟಿಕ್ ಮರವೋ?

ಡಿಸೆಂಬರ್ ತಿಂಗಳು ಸಮೀಪಿಸಿತೆಂದರೆ ಪಾಶ್ಚಾತ್ಯ ದೇಶಗಳ ವೃತ್ತಪತ್ರಿಕೆಗಳಲ್ಲಿ ವರ್ಷಂಪ್ರತಿ ಒಂದು ವಾದವು ತಪ್ಪದೆ ತಲೆಯೆತ್ತುವುದು. ಕ್ರಿಸ್‌ಮಸ್ ಹಬ್ಬಕ್ಕೆಂದು ಮನೆಯೊಳಗೆ ನಿಲ್ಲಿಸುವ ಮರವು ಕಡಿದು ತಂದ ನೈಜ ಮರವಾಗಿರಬೇಕೋ, ಕಾರ್ಖಾನೆಯಲ್ಲಿ ತಯಾರಾದ ಪ್ಲಾಸ್ಟಿಕ್ ಮರವಾಗಿರಬೇಕೋ, ಇವೆರಡರಲ್ಲಿ ಭೂಮಿಗೆ ಕಡಿಮೆ ಹಾನಿಕರವಾದುದು ಯಾವುದು, ಎಂಬುದೇ ಆ ವಾದ. ಹಬ್ಬದ ಮನೆಯ ಸಣ್ಣ ಮಾತೆಂದು ಇದು ಮೇಲ್ನೋಟಕ್ಕೆ ತೋರಬಹುದು. ಪರಂತು ಅಮೆರಿಕದಲ್ಲಿಯೇ ವರ್ಷಕ್ಕೆ ಎರಡು ಕೋಟಿಗೂ ಮಿಕ್ಕಿ ನೈಜ ಮರಗಳು ಮಾರಾಟವಾಗುತ್ತಿರುವಾಗ, ಜನವರಿಯಲ್ಲಿ ಅವು ಎಲ್ಲಿಗೆ ಹೋಗುತ್ತವೆಂಬ ಪ್ರಶ್ನೆಯನ್ನು ಸಣ್ಣದೆನ್ನಲಾಗದು.

ಈ ಪದ್ಧತಿಯ ಮೂಲವು ಜರ್ಮನಿ. 1848ರಲ್ಲಿ ವಿಕ್ಟೋರಿಯಾ ರಾಣಿಯೂ ಆಕೆಯ ಪರಿವಾರವೂ ಅಲಂಕೃತವಾದ ಮರದ ಸುತ್ತ ನೆರೆದಿರುವ ಚಿತ್ರವು ಲಂಡನ್ನಿನ ಸಚಿತ್ರ ಪತ್ರಿಕೆಯೊಂದರಲ್ಲಿ ಅಚ್ಚಾದ ಮೇಲೆ ಅದು ಇಂಗ್ಲೆಂಡಿನಲ್ಲಿ ಬಹುಬೇಗನೆ ಹರಡಿತು. ಕೃತಕ ಮರವೂ ಜರ್ಮನಿಯಲ್ಲಿಯೇ ಹುಟ್ಟಿತೆಂಬುದು ಕುತೂಹಲದ ಸಂಗತಿ. ಹಬ್ಬಕ್ಕಾಗಿ ಎಳೆಯ ಮರಗಳನ್ನು ಕಡಿದು ಕಾಡು ಬರಿದಾಗುತ್ತಿದೆಯೆಂಬ ಕಳವಳದಿಂದ, 19ನೆಯ ಶತಮಾನದಲ್ಲಿ ಅಲ್ಲಿನವರು ಹೆಬ್ಬಾತಿನ ಗರಿಗಳಿಗೆ ಹಸುರು ಬಣ್ಣವೇರಿಸಿ, ತಂತಿಗೆ ಸುತ್ತಿ ಮರಗಳನ್ನು ಮಾಡತೊಡಗಿದರು. ಆ ಗರಿಯ ಸ್ಥಾನವನ್ನು ಈಗ ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ಕು ಆಕ್ರಮಿಸಿದೆ. ಈ ಮರಗಳ ಬಹುಭಾಗವು ಚೀನಾ ದೇಶದಲ್ಲಿ ತಯಾರಾಗಿ ಹಡಗನ್ನೇರಿ ಹೊರಡುತ್ತದೆ.

ನೈಜ ಮರವನ್ನು ಕೊಂಡರೆ ಅರಣ್ಯವನ್ನು ಕಡಿಸಿದಂತಾಗುವುದೆಂಬ ಭಾವನೆ ಇಂದಿಗೂ ಅನೇಕರಲ್ಲಿದೆ. ವಸ್ತುಸ್ಥಿತಿಯು ಬೇರೆ. ಓರೆಗಾನ್, ಉತ್ತರ ಕೆರೊಲೈನಾ ಮೊದಲಾದ ಸಂಸ್ಥಾನಗಳಲ್ಲಿ ಫರ್ ಜಾತಿಯ ಮರವನ್ನು ಹೊಲದ ಬೆಳೆಯಂತೆಯೇ ಸಾಲಾಗಿ ನೆಟ್ಟು, ಏಳರಿಂದ ಹತ್ತು ವರ್ಷಗಳವರೆಗೆ ಸಾಕಿ, ಕೊಯ್ದು ಮಾರುತ್ತಾರೆ. ಕೊಯ್ದ ನೆಲದಲ್ಲಿ ಮತ್ತೆ ಸಸಿ ನೆಡುತ್ತಾರೆ. ಹಾಗೆಂದು ಈ ಕೃಷಿಯು ನಿರ್ದೋಷವೆಂದು ಹೇಳುವಂತಿಲ್ಲ. ಒಂದೇ ಜಾತಿಯ ಮರಗಳು ಒತ್ತಾಗಿರುವಲ್ಲಿ ಬೇರುಕೊಳೆ ರೋಗವೂ ಕೀಟಗಳೂ ತಪ್ಪಿದ್ದಲ್ಲ. ಅವುಗಳ ಹಿಂದೆಯೇ ವಿಷದ ಸಿಂಪಡಣೆಯೂ ಬರುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ಬ್ರಿಟನ್ನಿನ ಕಾರ್ಬನ್ ಟ್ರಸ್ಟ್ ಸಂಸ್ಥೆಯ ಅಂದಾಜಿನಂತೆ, ಎರಡು ಮೀಟರ್ ಎತ್ತರದ ಕೃತಕ ಮರವೊಂದರಿಂದ ಸುಮಾರು 40 ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡಿಗೆ ಸಮನಾದ ಅನಿಲಗಳು ವಾಯುಮಂಡಲಕ್ಕೆ ಸೇರುತ್ತವೆ. ಅಷ್ಟೇ ಎತ್ತರದ ನೈಜ ಮರವನ್ನು ಹಬ್ಬದ ತರುವಾಯ ಸುಟ್ಟರೆ ಅಥವಾ ಚೂರು ಮಾಡಿ ಗಿಡಗಳ ಬುಡಕ್ಕೆ ಹರಡಿದರೆ ಆ ಭಾರವು 3.5 ಕಿಲೋಗ್ರಾಂ ಮಾತ್ರ. ಸುಡುವುದರಿಂದ ಇಷ್ಟು ಅಲ್ಪವೇ ಎಂದು ವಾಚಕರು ಅಚ್ಚರಿಪಡಬಹುದು. ಬೆಳೆಯುವಾಗ ಗಾಳಿಯಿಂದ ಹೀರಿಕೊಂಡ ಇಂಗಾಲವನ್ನೇ ಮರವು ಸುಡುವಾಗ ಹಿಂದಿರುಗಿಸುವುದರಿಂದ ಅದನ್ನು ಹೊಸ ಋಣವೆಂದು ಎಣಿಸುವುದಿಲ್ಲ. ಆದರೆ ಅದೇ ಮರವನ್ನು ನಗರದ ಕಸದ ರಾಶಿಯಲ್ಲಿ ಹೂತರೆ ಭಾರವು 16 ಕಿಲೋಗ್ರಾಂಗೆ ಏರುತ್ತದೆ. ಕಸದಡಿಯಲ್ಲಿ ಗಾಳಿಯಾಡದೆ ಕೊಳೆತ ಕಟ್ಟಿಗೆಯಿಂದ ಮೀಥೇನ್ ಅನಿಲವು ಹುಟ್ಟುವುದೂ, ಅದು ಶಾಖವನ್ನು ಹಿಡಿದಿಡುವುದರಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಅನೇಕ ಪಟ್ಟು ಪ್ರಬಲವಾಗಿರುವುದೂ ಇದಕ್ಕೆ ಕಾರಣ.

ಈ ಮೂರು ಅಂಕೆಗಳನ್ನು ಪಕ್ಕಪಕ್ಕಕ್ಕೆ ಇಟ್ಟು ಭಾಗಿಸಿ ನೋಡಿರಿ. ಚೂರು ಮಾಡುವ ಮರದೊಡನೆ ಸರಿತೂಗಬೇಕಾದರೆ ಪ್ಲಾಸ್ಟಿಕ್ ಮರವು ಹನ್ನೆರಡು ಹಬ್ಬಗಳನ್ನು ಕಾಣಬೇಕು. ಕಸಕ್ಕೆಸೆಯುವ ಮರದೊಡನೆ ಹೋಲಿಸಿದರೆ ಮೂರು ಹಬ್ಬಗಳೇ ಸಾಕು. ಹೀಗಿರುವಾಗ ಡಿಸೆಂಬರಿನಲ್ಲಿ ಅಂಗಡಿಯ ಮುಂದೆ ನಡೆಯುವ ಚರ್ಚೆಗಿಂತ, ಜನವರಿಯಲ್ಲಿ ಪುರಸಭೆಯ ಕಸದ ಬಂಡಿಯು ಮಾಡುವ ಕೆಲಸವೇ ಈ ವ್ಯಾಜ್ಯವನ್ನು ಹೆಚ್ಚಾಗಿ ನಿರ್ಣಯಿಸುತ್ತದೆಂದು ನಮ್ಮ ಅಭಿಪ್ರಾಯ.

ಪಂಡಿತರ ವರದಿಗಳು ಪರಸ್ಪರ ಕಾದಾಡುವುದೂ ಇದರಿಂದಲೇ. 2009ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ಎಲಿಪ್ಸೋಸ್ ಎಂಬ ಸಂಸ್ಥೆಯು, ಕೃತಕ ಮರವನ್ನು ಇಪ್ಪತ್ತು ವರ್ಷ ಬಳಸಿದರಲ್ಲದೆ ಅದು ನೈಜ ಮರಕ್ಕಿಂತ ಮೇಲಾಗದೆಂದು ಲೆಕ್ಕ ಹಾಕಿತು. ಅಂಥ ಮರವನ್ನು ಜನರು ಇಟ್ಟುಕೊಳ್ಳುವುದು ಆರು ವರ್ಷ ಮಾತ್ರವೆಂದೂ ಅದು ಎಣಿಸಿತ್ತು. 2018ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಮತ್ತೊಂದು ವರದಿಗೆ ಐದು ವರ್ಷಗಳೇ ಸಾಕಾದುವು. ಈ ಎರಡನೆಯದನ್ನು ಹಣ ಕೊಟ್ಟು ಮಾಡಿಸಿದವರು ಕೃತಕ ಮರಗಳ ವ್ಯಾಪಾರಿಗಳ ಸಂಘದವರು. ಇಷ್ಟರಿಂದಲೇ ಆ ವರದಿಯು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ತಕ್ಕಡಿಯನ್ನು ಹಿಡಿದವನು ಸರಕನ್ನೂ ಮಾರುತ್ತಿರುವಾಗ, ಕೊಳ್ಳುವವನು ಮುಳ್ಳಿನ ಕಡೆಗೊಮ್ಮೆ ಕಣ್ಣು ಹಾಯಿಸುವುದು ಒಳಿತು. ನೈಜ ಮರವನ್ನು ಬೆಳೆಯುವವರಿಗೂ ಅಲ್ಲಿ ಒಂದು ಸಂಘವಿದೆ. ಅವರ ಮಾತಿಗೂ ಇದೇ ನ್ಯಾಯ.

ಸ್ಥಳೀಯಾಡಳಿತವು ಮನಸ್ಸು ಮಾಡಿದರೆ ಏನಾಗಬಹುದೆಂಬುದಕ್ಕೆ ಅಮೆರಿಕದಲ್ಲಿಯೇ ನಿದರ್ಶನಗಳುಂಟು. ನ್ಯೂಯಾರ್ಕ್ ನಗರದ ಉದ್ಯಾನ ಇಲಾಖೆಯು ಹಬ್ಬದ ಮರಗಳನ್ನು ಸ್ವೀಕರಿಸಿ ಯಂತ್ರದಿಂದ ಚೂರು ಮಾಡಿಸಿ ತೋಟಗಳಿಗೆ ಹಾಕಿಸುತ್ತದೆ. ಲೂಯಿಸಿಯಾನದ ಜೆಫರ್ಸನ್ ಜಿಲ್ಲೆಯಲ್ಲಿ ಹಳೆಯ ಮರಗಳನ್ನು ಜೌಗುಭೂಮಿಯ ಅಂಚಿನಲ್ಲಿ ಬೇಲಿಯಂತೆ ತುಂಬುತ್ತಾರೆ. ಅಲೆಗಳ ರಭಸವು ತಗ್ಗಿ, ಮಣ್ಣು ಕೊಚ್ಚಿಹೋಗುವುದು ಕಡಿಮೆಯಾಗುತ್ತದೆ. ಹೂತರೆ ಹೊರೆಯಾಗುತ್ತಿದ್ದ ವಸ್ತುವು ಅಲ್ಲಿ ಕರಾವಳಿಯ ಕಾವಲಿಗೆ ನಿಂತಿದೆ.

ಪ್ಲಾಸ್ಟಿಕ್ ಮರಕ್ಕೆ ಇಂಥ ಮರುಜನ್ಮವು ದುರ್ಲಭ. ತಂತಿಯೂ ಪಿ.ವಿ.ಸಿ.ಯೂ ಹೆಣೆದುಕೊಂಡಿರುವುದರಿಂದ ಅವನ್ನು ಬೇರ್ಪಡಿಸಿ ಮರಳಿ ಬಳಸುವುದು ಕಷ್ಟ. ಸುಟ್ಟರೆ ವಿಷಾನಿಲವೇ ಏಳುವುದು. ಆದುದರಿಂದ ಈಗಾಗಲೇ ಅಂಥದೊಂದನ್ನು ಕೊಂಡು ಅಟ್ಟದ ಮೇಲಿಟ್ಟಿರುವವರು, ಪರಿಸರದ ಮೇಲಿನ ಪ್ರೀತಿಯಿಂದ ಅದನ್ನೆಸೆದು ಹೊಸ ಹಸುರು ಮರ ತರಲು ಹೊರಡುವುದು ಅವಿವೇಕವಾದೀತು. ಅದನ್ನು ಮಕ್ಕಳ ಕಾಲದವರೆಗೂ ಬಳಸಲಿ.

ನಮ್ಮ ಬೆಂಗಳೂರಿನಲ್ಲಿ ಜನರು ಕ್ರಿಸ್‌ಮಸ್ ಮರವೆಂದು ಕರೆಯುವುದು ಸಾಮಾನ್ಯವಾಗಿ ಫರ್ ಮರವನ್ನಲ್ಲ. ಶಾಂತಸಾಗರದ ದ್ವೀಪಗಳಿಂದ ಬಂದ ಅರಾಕೇರಿಯಾ ಮರವನ್ನು. ಲಾಲ್‌ಬಾಗಿನಲ್ಲಿ ಅದರ ಎತ್ತರವಾದ ನಿದರ್ಶನಗಳನ್ನು ವಾಚಕರು ನೋಡಿಯೇ ಇರುವರು. ಅದರ ಸಸಿಯು ಕುಂಡದಲ್ಲಿ ಅನೇಕ ವರ್ಷ ಬದುಕುವುದರಿಂದ ಕಡಿಯುವ ಮಾತೂ ಇಲ್ಲ, ಎಸೆಯುವ ಮಾತೂ ಇಲ್ಲ; ಹಬ್ಬ ಮುಗಿದ ಮೇಲೆ ಬಿಸಿಲು ಬೀಳುವಲ್ಲಿ ಇಟ್ಟು ನೀರೆರೆದರಾಯಿತು. ಕುಂಡಕ್ಕೆ ದೊಡ್ಡದಾದಾಗ ಮಾತ್ರ ಅದನ್ನು ಮನೆಯ ಗೋಡೆಯ ಪಕ್ಕದಲ್ಲಿಯೋ ವಿದ್ಯುತ್ ತಂತಿಗಳ ಕೆಳಗೋ ನೆಡದಿರಲಿ. ಅದು ನೂರು ಅಡಿಯನ್ನೂ ಮೀರಿ ಬೆಳೆಯಬಲ್ಲ ಮರ.