ಘಟ್ಟದ ದಾರಿಯೂ ಹಳೆಯ ಕಾರಿನ ಗೇರ್‌ಬಾಕ್ಸೂ

ದಿಂಬಂನಿಂದ ಬಣ್ಣಾರಿಯವರೆಗಿನ 27 ತಿರುವುಗಳನ್ನು ಇಳಿಯುವ ವಾಹನಕ್ಕೆ ಎರಡು ಬಗೆಯ ತಡೆಗಳುಂಟು. ಒಂದು, ಕಾಲಡಿಯ ಬ್ರೇಕು. ಇನ್ನೊಂದು, ಕೆಳಗಿನ ಗೇರಿನಲ್ಲಿ ಎಂಜಿನ್ ತಾನೇ ಗಾಲಿಗಳನ್ನು ಹಿಡಿದಿಡುವ ಬಲ. ಹಳೆಯ ಅಂಬಾಸಿಡರ್, ಪದ್ಮಿನಿ ಕಾರುಗಳ ಬ್ರೇಕುಗಳು ಡ್ರಮ್ ಮಾದರಿಯವು. ಎಡೆಬಿಡದೆ ತುಳಿದರೆ ಕಾದು ಹಿಡಿತ ಕಳೆದುಕೊಳ್ಳುತ್ತವೆ. ಆದುದರಿಂದ ಅಂತಹ ಕಾರಿಗೆ ಘಟ್ಟದಲ್ಲಿ ಗೇರೇ ಮುಖ್ಯ ಬ್ರೇಕು. ಇಳಿಜಾರಿನ ನಡುವೆ ಗೇರು ತಾನಾಗಿ ಹಾರಿ ನ್ಯೂಟ್ರಲ್‌ಗೆ ಬಿದ್ದರೆ, ಮುಂದಿನ ತಿರುವಿನ ಹೊತ್ತಿಗೆ ಚಾಲಕನ ಕೈಯಲ್ಲಿ ಉಳಿಯುವುದು ಕಾದ ಡ್ರಮ್ಮುಗಳು ಮಾತ್ರ.

ತಾಳವಾಡಿ ಸೀಮೆಯ ಮನೆಗಳಲ್ಲಿ ಅಜ್ಜನ ಕಾಲದ ಕಾರನ್ನು ಉಳಿಸಿಕೊಳ್ಳಬೇಕೆಂಬ ಆಸೆ ಮೊಮ್ಮಕ್ಕಳಲ್ಲಿ ಹುಟ್ಟುವುದು ಸಂತೋಷದ ಸಂಗತಿಯೇ. ಆದರೆ ಹೊರಗಿನ ಬಣ್ಣಕ್ಕೆ ಸುರಿಯುವ ಹಣದ ಅರ್ಧದಷ್ಟನ್ನೂ ಒಳಗಿನ ಗೇರ್‌ಬಾಕ್ಸಿಗೆ ಕೊಡದಿರುವುದು ವಾಡಿಕೆಯಾಗಿದೆ. ಬಯಲುಸೀಮೆಯಲ್ಲಿ ಈ ವಾಡಿಕೆ ಹೇಗೋ ನಡೆದೀತು, ಇಲ್ಲಿ ನಡೆಯದು.

ಬೆಟ್ಟಕ್ಕೂ ಗೇರಿಗೂ ಇರುವ ನಂಟು ಮೋಟಾರು ವಾಹನದಷ್ಟೇ ಹಳೆಯದು. 1888ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಬೆರ್ತಾ ಬೆಂಜ್ ಎಂಬಾಕೆ, ತನ್ನ ಪತಿ ಕಾರ್ಲ್ ಬೆಂಜ್ ನಿರ್ಮಿಸಿದ್ದ ಮೂರು ಗಾಲಿಯ ಮೋಟಾರು ಗಾಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನಲ್ಲಿದ್ದ ತವರಿಗೆ ಹೊರಟಳು. ನೂರಕ್ಕೂ ಹೆಚ್ಚು ಕಿಲೋಮೀಟರಿನ ಆ ದಾರಿಯಲ್ಲಿ ಏರು ಬಂದಾಗಲೆಲ್ಲ ಗಾಡಿ ಸೋತು ನಿಲ್ಲುತ್ತಿತ್ತು. ಮಕ್ಕಳು ಇಳಿದು ತಳ್ಳಬೇಕಾಗುತ್ತಿತ್ತು. ಇಳಿಜಾರಿನಲ್ಲಿ ಬ್ರೇಕಿನ ಮರದ ತುಂಡುಗಳು ಸವೆದುಹೋದಾಗ ಆಕೆ ಚಮ್ಮಾರನೊಬ್ಬನಿಂದ ಅವಕ್ಕೆ ಚರ್ಮ ಹೊಡೆಸಿಕೊಂಡಳು. ಮರಳಿ ಬಂದ ಮೇಲೆ ಆಕೆ ಗಂಡನಿಗೆ ಕೊಟ್ಟ ಸಲಹೆಗಳಲ್ಲಿ ಒಂದು, ಏರು ಹತ್ತಲು ಇನ್ನೊಂದು ಕೆಳಗಿನ ಗೇರು ಬೇಕೆಂಬುದು. ಶಾಲೆಯ ಪಾಠಗಳಲ್ಲಿ ಕಾರ್ಲ್ ಬೆಂಜ್‌ನ ಹೆಸರು ಬರುತ್ತದೆ. ಗೇರು ಕೇಳಿದ ಗೃಹಿಣಿಯ ಹೆಸರು ಅಷ್ಟಾಗಿ ಬರುವುದಿಲ್ಲ.

ಅಂಬಾಸಿಡರ್ ಕಾರು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ರೂಪ. ಬಂಗಾಳದ ಉತ್ತರಪಾರಾದಲ್ಲಿ 1958ರ ಸುಮಾರಿಗೆ ಆರಂಭವಾದ ಅದರ ತಯಾರಿಕೆ 2014ರಲ್ಲಿ ನಿಂತಿತು. ಪದ್ಮಿನಿ ಇಟಲಿಯ ಫಿಯಟ್ 1100ರ ಸಂತತಿ. ಎರಡರಲ್ಲಿಯೂ ನಾಲ್ಕು ಗೇರುಗಳು. ಬಹುಕಾಲದವರೆಗೆ ಎರಡರಲ್ಲಿಯೂ ಗೇರಿನ ಹಿಡಿ ಸ್ಟೀರಿಂಗ್ ಕಂಬಕ್ಕೇ ಅಂಟಿಕೊಂಡಿತ್ತು. ಹಿಡಿಯಿಂದ ಗೇರ್‌ಬಾಕ್ಸಿನವರೆಗೆ ಸರಳುಗಳ ಒಂದು ಸಾಲು ಹೋಗುತ್ತದೆ. ಆ ಸರಳುಗಳ ಕೀಲುಗಳಲ್ಲಿರುವ ಬುಷ್‌ಗಳು ಸವೆದರೆ ಗೇರು ಪೂರ್ತಿ ಕೂಡುವುದಿಲ್ಲ, ಅರ್ಧ ಕೂಡಿದ್ದು ಹಾರುತ್ತದೆ. ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಹೊತ್ತ ರಬ್ಬರ್ ಮೌಂಟಿಂಗ್ ಹರಿದಿದ್ದರೂ ಅದೇ ಫಲ. ಆದುದರಿಂದ ಗೇರು ಹಾರುತ್ತಿದೆ ಎಂದ ಕೂಡಲೇ ಗೇರ್‌ಬಾಕ್ಸ್ ಇಳಿಸಲು ಹೊರಡುವ ಮೆಕ್ಯಾನಿಕ್‌ಗಿಂತ, ಮೊದಲು ಬುಷ್ ಮತ್ತು ಮೌಂಟಿಂಗ್ ನೋಡುವ ಮೆಕ್ಯಾನಿಕ್ ಮೇಲು. ಅವೆರಡೂ ಸರಿಯಿದ್ದು ಗೇರು ಹಾರಿದರೆ ಮಾತ್ರ ದೋಷ ಒಳಗಿನದು: ಹಲ್ಲು ಸವೆದಿದೆ, ಬೇರಿಂಗ್ ಸಡಿಲವಾಗಿದೆ, ಇಲ್ಲವೇ ಗೇರನ್ನು ಹಿಡಿದಿಡುವ ಗುಂಡು ಮತ್ತು ಸ್ಪ್ರಿಂಗ್ ದುರ್ಬಲವಾಗಿವೆ.

ಕ್ಲಚ್ಚಿನ ಕಥೆ ಬೇರೆ. ಕಾರಪಳ್ಳಂ ಚೆಕ್‌ಪೋಸ್ಟಿನ ಬಳಿ ಕಬ್ಬಿನ ಲಾರಿಗಾಗಿ ಆನೆ ಕಾದು ನಿಂತಾಗ ಹಿಂದಿನ ವಾಹನಗಳೆಲ್ಲ ಸಾಲುಗಟ್ಟುತ್ತವೆ. ಅಲ್ಲಿಯೂ ಘಟ್ಟದ ಏರಿನಲ್ಲಿಯೂ ಅರ್ಧ ಕ್ಲಚ್ಚಿನಲ್ಲಿ ಕಾರನ್ನು ತೂಗಿ ನಿಲ್ಲಿಸುವ ಅಭ್ಯಾಸ ಪ್ಲೇಟನ್ನು ಸುಡುತ್ತದೆ. ಕೈಬ್ರೇಕು ಇರುವುದು ಇದಕ್ಕಾಗಿಯೇ. ಹಳೆಯ ಅಂಬಾಸಿಡರ್‌ನ ಕ್ಲಚ್ ಬೇರಿಂಗ್ ಗುಂಡುಗಳದ್ದಲ್ಲ, ಇಂಗಾಲದ ಬಳೆ. ಪೆಡಲಿನ ಮೇಲೆ ಸದಾ ಕಾಲಿಟ್ಟುಕೊಂಡಿದ್ದರೆ ಅದು ಬಳಪದಂತೆ ಸವೆಯುತ್ತದೆ.

ಗೇರ್‌ಬಾಕ್ಸ್ ಇಳಿಸಿದ ಮೇಲೆ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಕ್ಲಚ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸುವುದು ಜಾಣತನ. ಒಂದನ್ನು ಉಳಿಸಲು ಹೋದರೆ ಅದೊಂದಕ್ಕಾಗಿ ಎಲ್ಲವನ್ನೂ ಮತ್ತೆ ಇಳಿಸಬೇಕಾದೀತು. ಫ್ಲೈವೀಲಿನ ಮುಖದಲ್ಲಿ ನೀಲಿ ಕಲೆ, ಕೂದಲೆಳೆಯ ಬಿರುಕು, ಗೀರುಗಳಿದ್ದರೆ ಲೇತಿಗೆ ಕೊಟ್ಟು ಮುಖ ಹೊಡೆಸಬೇಕು. ಹಿಂಬದಿಯಿಂದ ಎಂಜಿನ್ ಎಣ್ಣೆ ಜಿನುಗುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಬೇಕು; ಎಣ್ಣೆ ತಾಗಿದ ಹೊಸ ಪ್ಲೇಟ್ ಹಳೆಯದಕ್ಕಿಂತ ಕಡೆ. ಪ್ಲೇಟನ್ನು ಫ್ಲೈವೀಲಿನ ನಟ್ಟನಡುವೆ ಕೂರಿಸಲು ಹಳೆಯ ಗೇರ್‌ಬಾಕ್ಸಿನ ಮುಂದಿನ ಶಾಫ್ಟನ್ನೇ ಅಳತೆಗೋಲಾಗಿ ಬಳಸುವ ಪದ್ಧತಿ ಇದೆ. ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು.

ಕೆಲಸ ಹೆಚ್ಚಾಗಿ ಕೆಡುವುದು ಗೇರ್‌ಬಾಕ್ಸನ್ನು ಮೇಲೇರಿಸುವಾಗ. ಶಾಫ್ಟು ಪ್ಲೇಟಿನೊಳಗೆ ಹೊಕ್ಕಿದೆಯೆಂದು ಕೈಬಿಟ್ಟರೆ ಇಡೀ ಪೆಟ್ಟಿಗೆಯ ಭಾರ ಪ್ಲೇಟಿನ ನಡುಭಾಗದ ಮೇಲೆ ತೂಗಿ ಅದು ಬಾಗುತ್ತದೆ. ಬಾಗಿದ ಪ್ಲೇಟ್ ಕ್ಲಚ್ ತುಳಿದರೂ ಪೂರ್ತಿ ಬಿಡುವುದಿಲ್ಲ, ಗೇರು ಕಿರುಗುಟ್ಟುತ್ತದೆ. ಆಗ ಹೊಸ ಗೇರ್‌ಬಾಕ್ಸೇ ಕೆಟ್ಟದ್ದೆಂದು ಮಾರಿದವನನ್ನು ದೂರುವುದು ಸಾಮಾನ್ಯ. ಜಾಕಿನ ಆಸರೆಯನ್ನು ಕೊನೆಯ ಬೋಲ್ಟು ಕೂಡುವವರೆಗೂ ತೆಗೆಯಬಾರದು. ಬೋಲ್ಟು ಬಿಗಿದು ಬಲವಂತವಾಗಿ ಎಳೆದು ಕೂರಿಸಲೂಬಾರದು.

ಐದು ಗೇರಿನ ಪೆಟ್ಟಿಗೆ ಹಾಕಿಸುವ ಆಸೆಯೂ ಹಲವರಿಗಿದೆ. 1990ರ ದಶಕದಲ್ಲಿ ಇಸುಜು ಎಂಜಿನ್‌ನೊಂದಿಗೆ ಬಂದ ಅಂಬಾಸಿಡರ್‌ನಲ್ಲಿ ಐದು ಗೇರುಗಳಿದ್ದವು. ಅದನ್ನು ಹಳೆಯ ಎಂಜಿನ್ನಿಗೆ ಜೋಡಿಸಹೊರಟರೆ ನಡುವಿನ ತಟ್ಟೆ, ಪ್ರೊಪೆಲ್ಲರ್ ಶಾಫ್ಟಿನ ಉದ್ದ, ಕ್ಲಚ್ ಪ್ಲೇಟಿನ ಹಲ್ಲು, ಸ್ಪೀಡೋಮೀಟರ್ ತಂತಿ ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕು. ಹಿಡಿಗಾಗಿ ನೆಲ ಕೊರೆಯಬೇಕು. ಐದನೆಯ ಗೇರಿನ ಲಾಭ ಹೆದ್ದಾರಿಯ ಓಟಕ್ಕೆ. ಘಟ್ಟದಲ್ಲಿ ಬೇಕಾದವು ಒಂದು, ಎರಡು, ಮೂರು. ಹೀಗಿರಲು ಹಳೆಯ ಪೆಟ್ಟಿಗೆಯನ್ನೇ ಬಿಚ್ಚಿ ದುರಸ್ತಿ ಮಾಡಿಸುವುದು, ಆಗದಿದ್ದರೆ ಅದೇ ಮಾದರಿಯ ಇನ್ನೊಂದನ್ನು ತರುವುದು ಸೂಕ್ತ.

ಕಾನೂನೂ ಇತ್ತಲೇ ವಾಲುತ್ತದೆ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ನೋಂದಣಿ ಪತ್ರದ ವಿವರಗಳು ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅದೇ ಮಾದರಿಯ ಗೇರ್‌ಬಾಕ್ಸ್, ಕ್ಲಚ್ ಹಾಕುವುದು ದುರಸ್ತಿಯೇ ಹೊರತು ಮಾರ್ಪಾಡಲ್ಲ. ಗೇರ್‌ಬಾಕ್ಸಿನ ನೆಪದಲ್ಲಿ ಎಂಜಿನ್ನನ್ನೂ ಬದಲಿಸಿದರೆ ಎಂಜಿನ್ ಸಂಖ್ಯೆ ಪತ್ರದೊಂದಿಗೆ ತಾಳೆಯಾಗದು. ನೋಂದಣಿ ಅಧಿಕಾರಿಯ ಬಳಿ ಅದು ದಾಖಲಾಗದಿದ್ದರೆ ಅಪಘಾತದ ದಿನ ವಿಮಾ ಕಂಪನಿಗೆ ತಕರಾರಿನ ಅವಕಾಶ ದೊರೆಯುತ್ತದೆ.

ಐವತ್ತು ವರ್ಷ ದಾಟಿದ ಕಾರುಗಳಿಗೆ 2021ರ ಜುಲೈನಲ್ಲಿ ಕೇಂದ್ರ ಸರಕಾರ ಪ್ರತ್ಯೇಕ ವಿಂಟೇಜ್ ನೋಂದಣಿಯನ್ನು ಏರ್ಪಡಿಸಿತು. ಸಂಖ್ಯಾಫಲಕದಲ್ಲಿ ‘ವಿಎ’ ಎಂಬ ಅಕ್ಷರಗಳು ಬರುತ್ತವೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಕಾರು ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಆದರೆ ಆ ನೋಂದಣಿ ಪಡೆದ ಕಾರನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಇಂಧನ, ದುರಸ್ತಿಗಳಿಗೆ ಮಾತ್ರ ರಸ್ತೆಗಿಳಿಸಬಹುದು. ಚಾಮರಾಜನಗರದ ನಂಟರ ಮನೆಗೆ, ಸತ್ಯಮಂಗಲದ ಸಂತೆಗೆ ಹೋಗಿಬರುವ ಕಾರಿಗೆ ಆ ಗೌರವ ಬೇಡ. ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಂಡರೆ ಸಾಕು. ಗಡಿಯಾಚೆಯಿಂದ ಕೊಂಡುತಂದ ಕರ್ನಾಟಕದ ಕಾರನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿರಿಸಿಕೊಂಡರೆ 47ನೆಯ ಕಲಮಿನಂತೆ ತಮಿಳುನಾಡಿನ ಸಂಖ್ಯೆ ಪಡೆಯಬೇಕೆಂಬುದನ್ನೂ ಮರೆಯಬಾರದು.

ಗುಜರಿಯಿಂದ ಗೇರ್‌ಬಾಕ್ಸ್ ಕೊಳ್ಳುವವರು ರಸೀದಿಯಿಲ್ಲದೆ ಕೊಳ್ಳಬಾರದು. ಕಳವಿನ ಮಾಲೆಂದು ತಿಳಿದು, ಅಥವಾ ಹಾಗೆ ನಂಬಲು ಕಾರಣವಿದ್ದೂ ಪಡೆದವರಿಗೆ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಡಿ ಶಿಕ್ಷೆಯುಂಟು. ಮಾರಿದವನ ಹೆಸರು, ವಿಳಾಸ, ದಿನಾಂಕಗಳುಳ್ಳ ಚೀಟಿಯೊಂದು ಕಾರಿನ ಕಾಗದಗಳ ನಡುವೆ ಇರಲಿ.

ಕೂರಿಸಿದ ದಿನವೇ ಘಟ್ಟ ಇಳಿಯುವುದು ಬೇಡ. ಮೊದಲು ತಾಳವಾಡಿಯ ಸಮತಟ್ಟಿನಲ್ಲಿ ಕೆಲವು ದಿನ ಓಡಿಸಿ, ಎಣ್ಣೆ ಜಿನುಗುವುದೇ, ಪೆಡಲು ಮೇಲುಭಾಗದಲ್ಲಿ ಒಂದಿಷ್ಟು ಸಡಿಲ ಆಡುವುದೇ ಎಂದು ನೋಡಬೇಕು. ಬಳಿಕ ಹಗಲಿನಲ್ಲಿ ಹಾಸನೂರಿನ ಕಡೆಗೆ ಹೋಗಿ, ಹಿಂದೆ ಮುಂದೆ ವಾಹನವಿಲ್ಲದ ಒಂದು ಸಣ್ಣ ಇಳಿಜಾರಿನಲ್ಲಿ ಮೂರನೆಯ ಗೇರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದು ನೋಡಬೇಕು. ಗೇರು ಹಾರುವುದಿದ್ದರೆ ಅಲ್ಲಿಯೇ ಹಾರುತ್ತದೆ. ಹಾರಿದರೆ ಕಾರನ್ನು ತಿರುಗಿಸಿ ಮೆಕ್ಯಾನಿಕ್‌ನ ಬಳಿಗೇ ಒಯ್ಯಬೇಕು. 2013ರಲ್ಲಿ ಹುಲಿ ಮೀಸಲು ಪ್ರದೇಶವೆಂದು ಘೋಷಿತವಾದ ಕಾಡಿನ ನಡುವೆ, ತಿರುವಿನಲ್ಲಿ ನಿಂತು ಬಾನೆಟ್ ಎತ್ತುವ ಸ್ಥಳ ಅದಲ್ಲ.