ಅರಮನೆಯ ಸಂಗೀತ, ಬೀದಿಯ ಕುಣಿತ

ಪಾಳಿ ಮುಗಿಸಿ ಬಂದ ಗಿರಣಿ ಕಾರ್ಮಿಕನಿಗೆ, ಅಂಗಡಿಯ ಬಾಗಿಲು ಹಾಕಿ ಬಂದ ವ್ಯಾಪಾರಿಗೆ ಪ್ಯಾರಿಸ್ಸಿನ ಸಂಗೀತನಾಟಕದ ಗೊಡವೆ ಏತಕ್ಕೆ ಎಂದು ಕೆಲವರು ಕೇಳಬಹುದು. ಗೊಡವೆ ಇದೆ ಎನ್ನುತ್ತೇವೆ ನಾವು.

೧೬೬೯ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ ಹುಟ್ಟುಹಾಕಿದ ಸಂಸ್ಥೆ ಪ್ಯಾರಿಸ್ ಆಪೆರಾ. ಅದರ ೩೫೦ನೆಯ ವರ್ಷವಾದ ೨೦೧೯ರ ಸೆಪ್ಟೆಂಬರಿನಲ್ಲಿ, ರಾಮೋ ೧೭೩೫ರಲ್ಲಿ ರಚಿಸಿದ ‘ಲೇಜಾಂದ್ ಗಲಾಂತ್’ ಎಂಬ ನಾಟಕವನ್ನು ಅದು ಬಾಸ್ತೀಯ್ ರಂಗಮಂದಿರದಲ್ಲಿ ಆಡಿಸಿತು. ನಿರ್ದೇಶಕರು ಕ್ಲೆಮಾಂ ಕೊಜಿತೋರ್. ಕುಣಿತ ಕಟ್ಟಿದವರು ಹಿಪ್ ಹಾಪ್‌ನಲ್ಲೇ ಪಳಗಿದ ಬಿಂತೂ ದೆಂಬೆಲೆ. ದೊರೆಗಳ ಕಾಲದ ಪಿಟೀಲಿಗೆ ಹೆಜ್ಜೆ ಹಾಕಿದ್ದು ಕ್ರಂಪ್. ಲಾಸ್ ಏಂಜಲೀಸಿನ ಬಡ ಕಪ್ಪು ಜನರ ಕೇರಿಗಳಲ್ಲಿ ಈ ಶತಮಾನದ ಆರಂಭದಲ್ಲಿ ಹುಟ್ಟಿದ ಕುಣಿತವಿದು. ಎದೆ ಉಬ್ಬಿಸಿ, ನೆಲ ಗುದ್ದಿ, ತೋಳು ಬೀಸಿ, ಒಡಲೊಳಗಿನ ಸಿಟ್ಟನ್ನು ಯಾರಿಗೂ ಪೆಟ್ಟಾಗದಂತೆ ಹೊರಹಾಕುವ ಕುಣಿತ.

ಶಾಸ್ತ್ರೀಯ ಸಂಗೀತದ ಮಡಿ ಕೆಟ್ಟಿತು ಎನ್ನುವ ಪಂಡಿತರಿಗೆ ಇತಿಹಾಸವೇ ಉತ್ತರ ಹೇಳುತ್ತದೆ. ೧೭೨೫ರಲ್ಲಿ ಅಮೆರಿಕದ ಮೂಲನಿವಾಸಿಗಳನ್ನು ಪ್ಯಾರಿಸ್ಸಿಗೆ ತಂದು ಕುಣಿಸಿದ್ದರು. ಅದನ್ನು ಕಂಡ ರಾಮೋ ಒಂದು ಕೃತಿ ಕಟ್ಟಿದ. ಅದಕ್ಕೆ ‘ಕಾಡುಜನರು’ ಎಂದು ಹೆಸರಿಟ್ಟ. ಮುಂದೆ ೧೭೩೬ರಲ್ಲಿ ಅದನ್ನೇ ಈ ನಾಟಕದೊಳಗೆ ಸೇರಿಸಿದ. ಅಂದರೆ ತುಳಿಸಿಕೊಂಡವರ ತಾಳ ಆ ಅರಮನೆಯನ್ನು ಎಂದೋ ಹೊಕ್ಕಿತ್ತು. ತಾಳ ಒಳಗೆ ಉಳಿಯಿತು, ಜನ ಹೊರಗೆ ಉಳಿದರು.

ಆದುದರಿಂದ ಜಯಭೇರಿ ಹೊಡೆಯಲು ನಾವು ಅವಸರಪಡುವುದಿಲ್ಲ. ಜನ ಸೆರೆಮನೆ ಒಡೆದ ಜಾಗದಲ್ಲಿ, ಆ ಕ್ರಾಂತಿಯ ೨೦೦ನೆಯ ವರ್ಷವಾದ ೧೯೮೯ರಲ್ಲಿ, ಸಮಾಜವಾದಿ ಅಧ್ಯಕ್ಷ ಮಿತ್ತೆರಾಂ ಜನತೆಯ ಆಪೆರಾ ಎಂದು ತೆರೆಸಿದ ಮಂದಿರ ಅದು. ಅಲ್ಲಿನ ಒಳ್ಳೆಯ ಆಸನದ ಬೆಲೆ ಇಂದಿಗೂ ಕೂಲಿಕಾರನ ಕೈಗೆ ಎಟುಕದು. ಖಾಯಂ ಸಂಬಳದ ನೃತ್ಯತಂಡವೆಂದರೆ ಇಂದಿಗೂ ಬ್ಯಾಲೆ ತಂಡವೇ. ಬೀದಿಯವರು ಆ ನಾಟಕದ ಮಟ್ಟಿಗೆ ಬಂದ ಅತಿಥಿಗಳು.

ಮೂರು ತಿಂಗಳು ತುಂಬುವುದರೊಳಗೆ ಇನ್ನೊಂದು ನೋಟ ಕಂಡಿತು. ೧೬೯೮ರಿಂದ ಬಂದ ಪಿಂಚಣಿಯ ಏರ್ಪಾಡನ್ನು ರದ್ದುಮಾಡಲು ಸರಕಾರ ಹೊರಟಿತ್ತು. ೪೨ಕ್ಕೆ ನಿವೃತ್ತರಾಗುವ ಬ್ಯಾಲೆ ಕಲಾವಿದೆಯರು ಮುಷ್ಕರ ಹೂಡಿ, ಡಿಸೆಂಬರ್ ೨೪ರ ಚಳಿಯಲ್ಲಿ, ತಮ್ಮ ಹಳೆಯ ಮಂದಿರ ಗಾರ್ನಿಯೇದ ಮೆಟ್ಟಿಲ ಮೇಲೆ ‘ಹಂಸ ಸರೋವರ’ ಕುಣಿದರು. ದಾರಿಹೋಕರು ಕಾಸಿಲ್ಲದೆ ಕಂಡರು.

ಬೀದಿ ರಂಗವೇರಿದ್ದನ್ನು ಮೆಚ್ಚಿದವರು ರಂಗ ಬೀದಿಗಿಳಿದದ್ದನ್ನೂ ಮೆಚ್ಚಬೇಕು. ಕುಣಿಯುವವರ ಮೊಣಕಾಲೂ ಮಗ್ಗದ ಮುಂದೆ ನಿಂತವರ ಮೊಣಕಾಲೂ ಒಂದೇ ತೆರನಾಗಿ ಸವೆಯುತ್ತವೆ. ರಾಗತಾಳ ಬೆರೆತರೆ ಸಾಲದು. ಕೂಲಿ, ಟಿಕೇಟು, ಪಿಂಚಣಿ, ಈ ಮೂರರಲ್ಲೂ ಸಮಪಾಲು ಬರಬೇಕು. ಅಲ್ಲಿಯವರೆಗೆ ಈ ಬೆರಕೆ ಅರ್ಧ ಕೆಲಸವಷ್ಟೆ.